ಜೋರು ಗಿಟಾರ್ ಆಂಪ್ ಮುಂದೆ ರಿಬ್ಬನ್ ಮೈಕ್: ಪಟ್ಟಿ ಹಾಳಾಗದಂತೆ ಇಟ್ಟು ರೆಕಾರ್ಡ್ ಮಾಡುವ ಸಮಗ್ರ ಮಾರ್ಗದರ್ಶಿ

ರಿಬ್ಬನ್ ಮೈಕ್ ಮುಟ್ಟಿದರೆ ಮುನಿ ಇದ್ದ ಹಾಗೆ, ಗಿಟಾರ್ ಆಂಪ್ ಹತ್ತಿರಕ್ಕೂ ಒಯ್ಯಬಾರದು ಎಂಬ ಮಾತು ಸ್ಟುಡಿಯೋಗಳಲ್ಲಿ ಇನ್ನೂ ಓಡಾಡುತ್ತಿದೆ. ಅದರಲ್ಲಿ ಅರ್ಧ ನಿಜ. 1930ರ ದಶಕದ ಆರ್‌ಸಿಎ 44, ಬಿಬಿಸಿಗಾಗಿ 1950ರ ದಶಕದಲ್ಲಿ ರೂಪಿಸಿದ 4038, ಇಂಥವನ್ನು ನೂರು ವ್ಯಾಟ್ ಸ್ಪೀಕರ್ ಪೆಟ್ಟಿಗೆಗೆ, ಅಂದರೆ ಕ್ಯಾಬಿನೆಟ್‌ಗೆ ಅಂಟಿಸಿ ಇಟ್ಟರೆ ಒಂದೇ ಸಂಜೆಯಲ್ಲಿ ಅವುಗಳ ಕತೆ ಮುಗಿಯಬಹುದು. ಆದರೆ 1998ರಲ್ಲಿ ಶುರುವಾದ ರಾಯರ್ ಕಂಪನಿಯ ಆರ್-121 ಮತ್ತು ಅದರ ಹಾದಿ ಹಿಡಿದು ಬಂದ ಗಟ್ಟಿ ಮೈಕ್‌ಗಳು 130 ಡಿಬಿ ಸದ್ದನ್ನೂ ತಾಳಿಕೊಳ್ಳುತ್ತವೆ. ಆರ್-121ಕ್ಕೆ ಕಂಪನಿ ಕೊಟ್ಟಿರುವ ಮಿತಿ 20 ಹರ್ಟ್ಸ್‌ನಲ್ಲಿ 135 ಡಿಬಿಗೂ ಮೇಲೆ. ಎಷ್ಟು ಡಿಬಿ ಎಂಬುದರ ಜೊತೆಗೆ ಎಷ್ಟು ಹರ್ಟ್ಸ್‌ನಲ್ಲಿ ಎಂದೂ ಯಾಕೆ ಬರೆದಿದ್ದಾರೆ ಎಂಬುದು ತಿಳಿದರೆ ಮುಂದಿನ ಕೆಲಸವೆಲ್ಲ ಸುಲಭ.

ಪಟ್ಟಿ ಹಾಳಾಗುವುದು ಯಾವುದರಿಂದ

ಮೈಕಿನೊಳಗೆ ಎರಡು ಆಯಸ್ಕಾಂತ ಧ್ರುವಗಳ ನಡುವೆ ಅಡ್ಡಡ್ಡ ಮಡಿಕೆ ಹಾಕಿದ ಅಲ್ಯೂಮಿನಿಯಂ ಪಟ್ಟಿಯೊಂದು ತೂಗುತ್ತಿರುತ್ತದೆ. ಆರ್-121ರಲ್ಲಿ ಅದರ ದಪ್ಪ 2.5 ಮೈಕ್ರಾನ್. ಅಡುಗೆಮನೆಯ ಫಾಯಿಲ್ ಸುಮಾರು 15 ಮೈಕ್ರಾನ್ ಇರುತ್ತದೆ. ಅದರ ಆರನೇ ಒಂದು ಭಾಗ ಎಂದುಕೊಳ್ಳಿ. ಈ ಪಟ್ಟಿ ಗಾಳಿಯ ಕಣಗಳ ಜೊತೆಗೇ ಹಿಂದೆ ಮುಂದೆ ಸಾಗುತ್ತದೆ. ಸದ್ದಿನ ಮಟ್ಟ ಅಷ್ಟೇ ಇದ್ದು ಸ್ವರ ಒಂದು ಆಕ್ಟೇವ್ ಕೆಳಗಿಳಿದರೆ ಪಟ್ಟಿ ಸಾಗುವ ದೂರ ಎರಡರಷ್ಟಾಗುತ್ತದೆ. ಅಂದರೆ 3000 ಹರ್ಟ್ಸ್‌ನ ಚೀರಾಟ ಎಷ್ಟೇ ಕಿವಿ ಕೊರೆದರೂ ಪಟ್ಟಿಗೆ ಅದು ಲೆಕ್ಕಕ್ಕಿಲ್ಲ. ದಪ್ಪ ತಂತಿಯನ್ನು ಅಂಗೈಯಲ್ಲಿ ಒತ್ತಿ ಹೊಡೆದಾಗ ಸ್ಪೀಕರಿನಿಂದ ಬರುವ 80 ಹರ್ಟ್ಸ್‌ನ ಗುದ್ದು ಅದನ್ನು ಎಳೆದಾಡುತ್ತದೆ. ಎಳೆದಾಟ ಮಿತಿ ಮೀರಿದರೆ ಮಡಿಕೆಗಳು ಬಿಚ್ಚಿಕೊಂಡು ಪಟ್ಟಿ ಜೋತು ಬೀಳುತ್ತದೆ. ಕ್ಯಾಬಿನೆಟ್ಟಿನ ಪೋರ್ಟ್ ತೂತಿನಿಂದ ಹೊರಡುವ ಗಾಳಿಯೂ, ಬಾಯಿಂದ ಊದಿದ ಗಾಳಿಯೂ, ರಪ್ಪನೆ ಮುಚ್ಚಿದ ಸ್ಟುಡಿಯೋ ಬಾಗಿಲು ತಳ್ಳುವ ಗಾಳಿಯೂ ಮಾಡುವುದು ಇದನ್ನೇ.

ಎರಡನೆಯ ಅಪಾಯ ಕರೆಂಟಿನದು. ಅದು ಸದ್ದಿಲ್ಲದೆ ಬರುತ್ತದೆ, ಹಾಗಾಗಿ ಅದನ್ನು ಮೊದಲು ಮುಗಿಸಿಬಿಡೋಣ.

ಫ್ಯಾಂಟಮ್ ಮತ್ತು ಕೇಬಲ್

ಕಂಡೆನ್ಸರ್ ಮೈಕ್‌ಗಳಿಗೆಂದು ಮಿಕ್ಸರೋ ಇಂಟರ್‌ಫೇಸೋ ಮೈಕ್ ಕೇಬಲಿನಲ್ಲೇ ಕಳಿಸುವ 48 ವೋಲ್ಟ್ ಕರೆಂಟಿಗೆ ಫ್ಯಾಂಟಮ್ ಎನ್ನುತ್ತಾರೆ. ಸರಿಯಾದ ಕೇಬಲ್‌ನಲ್ಲಿ 48 ವೋಲ್ಟ್ ಎರಡನೇ ಮತ್ತು ಮೂರನೇ ಪಿನ್‌ಗೆ ಸಮನಾಗಿ ಹೋಗುತ್ತದೆ. ಮೈಕಿನ ಟ್ರಾನ್ಸ್‌ಫಾರ್ಮರಿನ ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಇದ್ದರೆ ಕರೆಂಟ್ ಹರಿಯುವುದಿಲ್ಲ, ಪಟ್ಟಿಗೆ ಏನೂ ಆಗುವುದಿಲ್ಲ. ಫ್ಯಾಂಟಮ್ ಹಾಕಿದ ಕೂಡಲೇ ರಿಬ್ಬನ್ ಸುಟ್ಟುಹೋಗುತ್ತದೆ ಎನ್ನುವವರು ಈ ಅಂಶವನ್ನು ಬಿಟ್ಟುಬಿಡುತ್ತಾರೆ. ತೊಂದರೆ ಬರುವುದು ಕೇಬಲ್ ಒಳಗೆ ಒಂದು ಎಳೆ ಕಿತ್ತು ನೆಲದ ಪಿನ್‌ಗೆ ತಾಗಿದಾಗ. ಆಗ ಒಂದು ಬದಿಗೆ ಫ್ಯಾಂಟಮ್ ಕೊಡುವ 6.8 ಕಿಲೋಓಮ್ ರೆಸಿಸ್ಟರ್ ನೇರ ನೆಲಕ್ಕೆ ಹೋಗುತ್ತದೆ, ಇನ್ನೊಂದು ಬದಿಯ ಕರೆಂಟು ಟ್ರಾನ್ಸ್‌ಫಾರ್ಮರಿನ ಸುರುಳಿಯ ಮೂಲಕವೇ ಸುಮಾರು 7 ಮಿಲಿಆಂಪಿನಷ್ಟು ನುಗ್ಗುತ್ತದೆ. ಆ ಝಟ್ಕಾ ಪಟ್ಟಿಯನ್ನು ಒಂದು ಕಡೆಗೆ ಎಳೆದು ಬಿಡುತ್ತದೆ. ಕಾಲು ಇಂಚಿನ ಜ್ಯಾಕ್ ಅಥವಾ ಪ್ಯಾಚ್‌ಬೇಯ (ಸ್ಟುಡಿಯೋದ ಸಾಲುಗಳನ್ನು ಜೋಡಿಸುವ ಫಲಕದ) ಸಣ್ಣ ಜ್ಯಾಕಿನ ಮೂಲಕ ಮೈಕ್ ಸಾಲು ಹಾಯಿಸಿದರೂ ಇದೇ ಗತಿ: ಜ್ಯಾಕ್ ಒಳಗೆ ಜಾರುವಾಗ ತುದಿ ಮತ್ತು ಉಂಗುರ ಬೇರೆ ಬೇರೆ ಹೊತ್ತಿಗೆ ತಾಗುತ್ತವೆ. ಹೀಗಾಗಿ ರಿಬ್ಬನ್ ಮೈಕನ್ನು ಪ್ಯಾಚ್‌ಬೇ ಮೂಲಕ ತರಬೇಡಿ. ತರಲೇಬೇಕಾದರೆ ಫ್ಯಾಂಟಮ್ ಆರಿಸಿದ ಮೇಲೆ ಪ್ಯಾಚ್ ಮಾಡಿ.

ಮಾಡಬೇಕಾದ ಕ್ರಮ ಹೀಗೆ.

1. ಮೈಕಿಗೆ ಹಾಕುವ ಕೇಬಲ್ ಒಂದನ್ನು ಬೇರೆಯೇ ಇಡಿ, ಬಣ್ಣದ ಟೇಪ್ ಸುತ್ತಿ. ಮಲ್ಟಿಮೀಟರಿನ ಬೀಪ್ ಹಾಕಿ ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು ತಾಗುತ್ತದೆಯೇ, ಒಂದಕ್ಕೊಂದು ಶಾರ್ಟ್ ಆಗಿಲ್ಲವೇ ನೋಡಿ. ನೋಡುವಾಗ ಕೇಬಲನ್ನು ಎರಡೂ ತುದಿಯಲ್ಲಿ ಬಗ್ಗಿಸಿ ಅಲ್ಲಾಡಿಸಿ. ಸುಮ್ಮನೆ ಬಿದ್ದಿರುವ ಕೇಬಲ್ ಸರಿಯಾಗಿಯೇ ಇರುತ್ತದೆ, ಅಲ್ಲಾಡಿದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ.

2. ಆ ಚಾನೆಲ್‌ನ ಫ್ಯಾಂಟಮ್ ಆರಿಸಿ, ಒಂದು ನಿಮಿಷ ಕಾಯಿರಿ. ಮೈಕಿನ ಸಣ್ಣ ಸಿಗ್ನಲನ್ನು ಏರಿಸುವ ಪ್ರಿಆಂಪಿನ ಕೆಪಾಸಿಟರುಗಳಲ್ಲಿ ಉಳಿದ ಚಾರ್ಜ್ ಇಳಿಯಲು ಸಮಯ ಬೇಕು. ಕೆಲವು ಇಂಟರ್‌ಫೇಸ್‌ಗಳಲ್ಲಿ ಒಂದೇ ಗುಂಡಿ ನಾಲ್ಕು ಅಥವಾ ಎಂಟು ಚಾನೆಲ್‌ಗಳಿಗೆ ಒಟ್ಟಿಗೆ ಫ್ಯಾಂಟಮ್ ಕೊಡುತ್ತದೆ. ಕೋಣೆಗೆ ಕಂಡೆನ್ಸರ್ ಮೈಕ್ ಬೇಕಿದ್ದರೆ ಅದನ್ನು ಒಂದು ಗುಂಪಿಗೆ, ರಿಬ್ಬನ್ನನ್ನು ಇನ್ನೊಂದು ಗುಂಪಿಗೆ ಹಾಕಿ.

3. ಗೇನ್ ಪೂರ್ತಿ ಇಳಿಸಿ, ಚಾನೆಲ್ ಮ್ಯೂಟ್ ಮಾಡಿ, ಆಮೇಲೆ ಕೇಬಲ್ ಸಿಕ್ಕಿಸಿ.

ಒಳಗೇ ಸರ್ಕ್ಯೂಟ್ ಇರುವ ಆ್ಯಕ್ಟಿವ್ ರಿಬ್ಬನ್‌ಗಳಿಗೆ, ಉದಾಹರಣೆಗೆ ರಾಯರ್ ಆರ್-122ಕ್ಕೆ, ಫ್ಯಾಂಟಮ್ ಇಲ್ಲದೆ ಜೀವವೇ ಬರುವುದಿಲ್ಲ. ಕೈಯಲ್ಲಿರುವುದು ಯಾವ ಬಗೆ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ, ಊಹೆ ಬೇಡ.

ಮೈಕಿನ ಮುಖ ಯಾವುದು

ಹೊಸಬರು ಎಡವುವ ಜಾಗ ಇದು. ಡೈನಾಮಿಕ್ ಮೈಕ್ ಆದ ಶೂರ್ ಎಸ್‌ಎಂ57ರ ಹಾಗೆ ಮೈಕಿನ ತುದಿಯನ್ನು ಸ್ಪೀಕರಿಗೆ ಗುರಿಯಿಟ್ಟರೆ ಬಹುಪಾಲು ರಿಬ್ಬನ್‌ಗಳಲ್ಲಿ ಸಣ್ಣ, ಜೊಳ್ಳು ಸದ್ದು ಬರುತ್ತದೆ. ಇವು ಪಕ್ಕದಿಂದ ಕೇಳುವ ಮೈಕ್‌ಗಳು. ಲೋಗೋ ಇರುವ ಬದಿ ಸ್ಪೀಕರನ್ನು ನೋಡಬೇಕು, ಮೈಕಿನ ದೇಹ ನೇರ ನಿಂತಿರಬೇಕು ಅಥವಾ ತಲೆಕೆಳಗಾಗಿ ತೂಗಬೇಕು. ಬೇಯರ್‌ಡೈನಾಮಿಕ್ ಎಂ 160 ಇದಕ್ಕೆ ಅಪವಾದ: ಅದು ತುದಿಯಿಂದಲೇ ಕೇಳುತ್ತದೆ, ಅದರಲ್ಲಿ ಎರಡು ಪಟ್ಟಿಗಳಿವೆ, ಹಿಂಬದಿಯ ಸದ್ದನ್ನೂ ಬಹಳಷ್ಟು ತಡೆಯುತ್ತದೆ.

ಉಳಿದವು ಇಂಗ್ಲಿಷಿನ ಎಂಟರ (8) ಆಕಾರದಲ್ಲಿ ಕೇಳುತ್ತವೆ. ಮುಂದೆ ಎಷ್ಟು ಕೇಳುತ್ತದೋ ಹಿಂದೆಯೂ ಅಷ್ಟೇ ಕೇಳುತ್ತದೆ, ಹಿಂದಿನದು ಪೋಲಾರಿಟಿ ತಿರುವಿಕೊಂಡಿರುತ್ತದೆ, ಅಂದರೆ ತರಂಗದ ಏರಿಳಿತ ತಲೆಕೆಳಗಾಗಿರುತ್ತದೆ ಅಷ್ಟೆ. ಎಡ, ಬಲ, ಮೇಲೆ, ಕೆಳಗೆ ಬಹುತೇಕ ಕಿವುಡು. ಈ ಕಿವುಡುತನ ದೊಡ್ಡ ಉಪಕಾರ. ಒಂದೇ ಕೋಣೆಯಲ್ಲಿ ಡ್ರಮ್ಸ್ ನುಡಿಯುತ್ತಿದ್ದರೆ ಮೈಕಿನ ಪಕ್ಕ ಅದರ ಕಡೆಗೆ ಬರುವಂತೆ ಕ್ಯಾಬಿನೆಟ್ಟನ್ನೇ ತಿರುಗಿಸಿಕೊಳ್ಳಿ. ಸೋರಿಕೆ ಬಹಳಷ್ಟು ತಗ್ಗುತ್ತದೆ.

ಹಿಂಬದಿ ಮಾತ್ರ ತಲೆನೋವು. ಮೈಕಿನ ಬೆನ್ನಿಗೆ ಒಂದು ಮೀಟರ್ ದೂರದಲ್ಲಿ ಬರಿ ಗೋಡೆ ಇದ್ದರೆ, ಗೋಡೆಗೆ ಹೋಗಿ ಬಂದ ಸದ್ದು ಎರಡು ಮೀಟರ್ ಹೆಚ್ಚು ದಾರಿ ನಡೆದು ಸುಮಾರು 5.8 ಮಿಲಿಸೆಕೆಂಡ್ ತಡವಾಗಿ, ತಿರುವಿದ ಪೋಲಾರಿಟಿಯಲ್ಲಿ ಬೆನ್ನಿಗೆ ಬಡಿಯುತ್ತದೆ. ಎರಡೂ ಸದ್ದು ಒಂದನ್ನೊಂದು ಅಳಿಸಿ 171 ಹರ್ಟ್ಸ್ ಸುತ್ತ ಒಂದು ಹೊಂಡ, 343ರಲ್ಲಿ ಇನ್ನೊಂದು, ಹೀಗೆ ಸಾಲು ಸಾಲು. ಗಿಟಾರಿನ ಮೈಕಟ್ಟು ಇರುವುದೇ ಅಲ್ಲಿ. ಮೈಕಿನ ಹಿಂದೆ ಅರ್ಧ ಮೀಟರಿನೊಳಗೆ 10 ಸೆಂ.ಮೀ. ದಪ್ಪದ ರಾಕ್‌ವೂಲ್ ಪ್ಯಾನೆಲ್ ನಿಲ್ಲಿಸಿ, ಇಲ್ಲವೇ ಎರಡು ಮೂರು ಪದರ ದಪ್ಪ ಕಂಬಳಿ ತೂಗುಹಾಕಿ. ಕಂಬಳಿ ಕೆಳಸ್ವರಗಳನ್ನು ಅಷ್ಟಾಗಿ ಹೀರದು, ಆದರೂ ಬರಿ ಗೋಡೆಗಿಂತ ವಾಸಿ. ಕೋಣೆ ದೊಡ್ಡದಿದ್ದು ಚೆನ್ನಾಗಿ ನುಡಿಯುವಂಥದ್ದಾದರೆ ಮುಚ್ಚಬೇಡಿ. ರಿಬ್ಬನ್ ಬೇಕೆನ್ನುವವರು ಅರ್ಧ ಆ ಕೋಣೆಯ ನುಡಿಗಾಗಿಯೇ ಬೇಕೆನ್ನುವುದು.

ಆಂಪ್ ಸಿದ್ಧಪಡಿಸುವುದು

ಮೈಕ್ ತರುವ ಮುಂಚೆ ಆಂಪಿನ ಸ್ವರ ಮುಗಿದಿರಲಿ. 12 ಇಂಚಿನ ಗಿಟಾರ್ ಸ್ಪೀಕರುಗಳು 5000 ಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಇಳಿದುಬಿಡುತ್ತವೆ. ಅದರ ಕೆಳಗೆ 2000ದಿಂದ 4000ದವರೆಗೆ ಹಲವು ಸ್ಪೀಕರುಗಳು ಮುಳ್ಳಿನ ಹಾಗೆ ಚುಚ್ಚುತ್ತವೆ. ರಿಬ್ಬನ್ ಆ ಮುಳ್ಳಿಗೆ ಒತ್ತು ಕೊಡುವುದಿಲ್ಲ, ಬದಲಿಗೆ ಕೆಳಗಿನದನ್ನು ಹಿಗ್ಗಿಸುತ್ತದೆ. ಆದ್ದರಿಂದ ಕಿವಿಗೆ ಸರಿ ಎನಿಸಿದ ಬಾಸ್ ಗುಂಡಿಯನ್ನು ಒಂದೂವರೆ ಎರಡು ಅಂಕಿ ಇಳಿಸಿ, ಪ್ರೆಸೆನ್ಸನ್ನು ಒಂದು ಅಂಕಿ ಏರಿಸಿ. ಡಿಸ್ಟಾರ್ಷನ್ ಗೇನನ್ನೂ ಸ್ವಲ್ಪ ಇಳಿಸಿ. ಕೋಣೆಯಲ್ಲಿ ಬೆಚ್ಚಗೆ ಕೇಳುವ ಗೇನ್ ರಿಬ್ಬನ್‌ನಲ್ಲಿ ಕೆಸರಾಗುತ್ತದೆ.

ನಾಲ್ಕು ಸ್ಪೀಕರಿನ ಕ್ಯಾಬಿನೆಟ್‌ನಲ್ಲಿ ನಾಲ್ಕೂ ಒಂದೇ ಹಾಗೆ ಇರುವುದಿಲ್ಲ. ವಾಲ್ಯೂಮ್ ತೀರಾ ಸಣ್ಣದು ಮಾಡಿ ಒಂದೊಂದರ ಮುಂದೆ ಕಿವಿಯಿಟ್ಟು ಕೇಳಿ, ಮೇಲಾದದ್ದನ್ನು ಆರಿಸಿ. ಗ್ರಿಲ್ ಬಟ್ಟೆಗೆ ಟಾರ್ಚ್ ಒತ್ತಿ ಹಿಡಿದರೆ ಸ್ಪೀಕರ್ ಕೋನಿನ ನಡುವಿನ ಗುಂಡು ಮುಚ್ಚಳ, ಅಂದರೆ ಡಸ್ಟ್ ಕ್ಯಾಪ್ ಕಾಣುತ್ತದೆ. ಅದರ ನಡುಮಧ್ಯಕ್ಕೂ ಅಂಚಿಗೂ ಬಟ್ಟೆಯ ಮೇಲೆ ಟೇಪಿನ ಚಿಕ್ಕ ಚೂರು ಅಂಟಿಸಿ. ಹೆಡ್ಡನ್ನು (ಸ್ಪೀಕರ್ ಇಲ್ಲದ ಆಂಪಿನ ಡಬ್ಬಿಯನ್ನು) ಕ್ಯಾಬಿನೆಟ್ ಮೇಲೆ ಇಡುವ ರೂಢಿಯಿದ್ದರೆ ಈ ಸಲ ಕೆಳಗಿಳಿಸಿ ದೂರ ಇಡಿ: ಅದರ ಪವರ್ ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಹಮ್ಮನ್ನು ಮೈಕಿನ ಟ್ರಾನ್ಸ್‌ಫಾರ್ಮರ್ ಚೆನ್ನಾಗಿ ಹಿಡಿಯುತ್ತದೆ.

ಕಿವಿಗೆ ಪ್ಲಗ್ ಹಾಕಿಕೊಳ್ಳಿ. ರೂಢಿಯಲ್ಲಿರುವ ಸುರಕ್ಷತೆಯ ಲೆಕ್ಕದಲ್ಲಿ 85 ಡಿಬಿಗೆ ಎಂಟು ಗಂಟೆ, ಮೂರು ಡಿಬಿ ಏರಿದಂತೆ ಅವಧಿ ಅರ್ಧ. 100 ಡಿಬಿಗೆ ಹದಿನೈದು ನಿಮಿಷ, 115ಕ್ಕೆ ಅರ್ಧ ನಿಮಿಷವೂ ಇಲ್ಲ. ಕ್ಯಾಬಿನೆಟ್ ಮುಂದೆ ಬಗ್ಗಿ ಮೈಕ್ ಸರಿಸುವವರಿಗೆ ಸಿಗುವುದು 115ಕ್ಕೂ ಮೇಲೆ.

ಟಿಶ್ಯೂ ಪರೀಕ್ಷೆ

ದೂರ ಎಷ್ಟಿರಬೇಕು ಎಂದು ಕೇಳಿದರೆ ಹೆಚ್ಚಿನವರು 15ರಿಂದ 20 ಸೆಂ.ಮೀ. ಎನ್ನುತ್ತಾರೆ. ಶುರುಮಾಡಲು ಅದು ಸರಿಯಾದ ಅಂಕಿ. ಆದರೆ ಆಂಪ್, ಕ್ಯಾಬಿನೆಟ್, ನುಡಿಸುವ ಕೈ, ತಂತಿಯ ಶ್ರುತಿ ಇವೆಲ್ಲ ಬದಲಾದರೆ ಅಂಕಿಯೂ ಬದಲಾಗುತ್ತದೆ. ಮೈಕನ್ನು ಪಣಕ್ಕಿಡದೆ ಗಾಳಿಯನ್ನು ಕಣ್ಣಾರೆ ನೋಡುವ ದಾರಿಯೊಂದಿದೆ.

ಟಿಶ್ಯೂ ಕಾಗದದ ಒಂದೇ ಪದರ ಬಿಡಿಸಿ, ಎರಡು ಸೆಂ.ಮೀ. ಅಗಲ, ಹತ್ತು ಸೆಂ.ಮೀ. ಉದ್ದದ ಚೂರು ಕತ್ತರಿಸಿ. ಖಾಲಿ ಮೈಕ್ ಸ್ಟ್ಯಾಂಡಿನ ಬೂಮ್ ತುದಿಗೆ ಟೇಪಿನಿಂದ ಅಂಟಿಸಿ, ಮೈಕಿನ ಪಟ್ಟಿ ಎಲ್ಲಿ ಬರುತ್ತದೋ ಅಲ್ಲಿ ಅದು ಜೋತಾಡುವಂತೆ ನಿಲ್ಲಿಸಿ. ಫ್ಯಾನ್, ಏಸಿ ಆರಿಸಿ, ಚೂರು ನಿಶ್ಚಲವಾಗುವವರೆಗೆ ಕಾಯಿರಿ. ಈಗ ಗಿಟಾರಿಸ್ಟ್ ರೆಕಾರ್ಡಿಂಗಿನ ಪೂರ್ತಿ ವಾಲ್ಯೂಮ್‌ನಲ್ಲಿ ಅತಿ ದಪ್ಪ ತಂತಿಯನ್ನು ಅಂಗೈಯಲ್ಲಿ ಒತ್ತಿ ಜೋರಾಗಿ ಹೊಡೆಯಲಿ. ಸೋಲೋ ನುಡಿಸಿ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಚೂರಿನ ಕೆಳ ಅಂಚು ಸಣ್ಣಗೆ ನಡುಗಿದರೆ ಪರವಾಗಿಲ್ಲ. ಪ್ರತಿ ಹೊಡೆತಕ್ಕೂ ಬಾವುಟದ ಹಾಗೆ ಹಿಂದಕ್ಕೆ ಹಾರಿ ಬಂದರೆ ಅದು ಸದ್ದಲ್ಲ, ಗಾಳಿ. ಐದು ಸೆಂ.ಮೀ. ಹಿಂದಕ್ಕೆ ಸರಿಸಿ ಮತ್ತೆ ನೋಡಿ, ಅಥವಾ ಅಷ್ಟೇ ದೂರದಲ್ಲಿ ಕೋನಿನ ಅಂಚಿನ ಕಡೆಗೆ ಒಯ್ಯಿರಿ. ಟಿಶ್ಯೂ ಇಲ್ಲದಿದ್ದರೆ ಒದ್ದೆ ಅಂಗೈ ಹಿಡಿದರೂ ಗಾಳಿ ತಣ್ಣಗೆ ತಗಲುವುದು ಗೊತ್ತಾಗುತ್ತದೆ, ಆದರೆ ಚೂರಿನಷ್ಟು ಸೂಕ್ಷ್ಮ ಅಲ್ಲ.

ಅಂದಾಜಿಗೆ: 5ರಿಂದ 15 ವ್ಯಾಟಿನ, ಹಿಂಬದಿ ತೆರೆದ ಚಿಕ್ಕ ಕಾಂಬೋಗೆ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದಕ್ಕೆ) 8ರಿಂದ 10 ಸೆಂ.ಮೀ. ಸಾಕಾಗುತ್ತದೆ. 50 ವ್ಯಾಟಿಗೆ 15ರಿಂದ 20. ನೂರು ವ್ಯಾಟ್, ಹಿಂಬದಿ ಮುಚ್ಚಿದ ನಾಲ್ಕು ಸ್ಪೀಕರಿನ ಕ್ಯಾಬಿನೆಟ್, ಶ್ರುತಿ ಇಳಿಸಿದ ಗಿಟಾರ್ ಒಟ್ಟಾದರೆ 25ರಿಂದ 30, ಜೊತೆಗೆ ಓರೆ. ಮಾಮೂಲಿ ಗಿಟಾರಿನ ಕೆಳಗಿನ ತಂತಿ 82 ಹರ್ಟ್ಸ್, ಏಳು ತಂತಿಯದರಲ್ಲಿ 62ರ ಹತ್ತಿರ. ಆ ಇಪ್ಪತ್ತು ಹರ್ಟ್ಸ್ ಚಿಕ್ಕದೆಂದು ತೋರಬಹುದು, ಆದರೆ ಪಟ್ಟಿ ಸಾಗುವ ದೂರ ಅದರಿಂದಲೇ ಮೂರನೇ ಒಂದರಷ್ಟು ಹೆಚ್ಚುತ್ತದೆ. ಪೋರ್ಟ್ ಇರುವ ಕ್ಯಾಬಿನೆಟ್ಟಾದರೆ ತೂತಿನ ನೇರಕ್ಕೆ ಯಾವ ದೂರದಲ್ಲೂ ಇಡಬೇಡಿ.

ಇಡುವುದು, ಓರೆ ಮಾಡುವುದು

ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸುವ ಮುಂಚೆ ಆಂಪನ್ನು ಸ್ಟ್ಯಾಂಡ್‌ಬೈಗೆ ಹಾಕಿ. ಗಿಟಾರ್ ಜ್ಯಾಕ್ ಎಳೆದಾಗ, ಪೆಡಲ್ ಆನ್ ಮಾಡಿದಾಗ, ಆಂಪ್ ಹೊತ್ತಿಸಿದಾಗ ಬರುವ ಢಬ್ ಎನ್ನುವ ಸದ್ದಿಗೆ ಯಾವ ಹಾಡಿನಲ್ಲೂ ಇಲ್ಲದಷ್ಟು ಕೆಳಸ್ವರ ಇರುತ್ತದೆ. ಎಚ್ಚರದಿಂದ ರೆಕಾರ್ಡ್ ಮಾಡಿ, ಕೊನೆಗೆ ಆಂಪ್ ಆನ್ ಇದ್ದಂತೆಯೇ ಜ್ಯಾಕ್ ಕಿತ್ತು ಪಟ್ಟಿ ಕೆಡಿಸಿಕೊಳ್ಳುವವರೇ ಹೆಚ್ಚು. ಮೈಕಿಗೆ ಬಟ್ಟೆಯ ಚೀಲ ಹಾಕಿಯೇ ಒಯ್ಯಿರಿ, ಸ್ಟ್ಯಾಂಡಿಗೆ ಕೂತ ಮೇಲೆ ತೆಗೆಯಿರಿ. ಬೂಮನ್ನು ರೊಯ್ಯನೆ ತಿರುಗಿಸಬೇಡಿ. ಸ್ಟ್ಯಾಂಡ್ ಭಾರದ್ದಾಗಿರಲಿ, ಒಂದು ಕಾಲು ಬೂಮಿನ ಕೆಳಗೇ ಬರಲಿ. ಆರ್-121 ಕಾಲು ಕೆ.ಜಿ. ಮಾತ್ರ, ಆದರೆ ಹಳೆಯ ಮಾದರಿಗಳಲ್ಲಿ ಆಯಸ್ಕಾಂತದ ತೂಕವೇ ಬೇಕಾದಷ್ಟು.

ಮೊದಲ ಜಾಗ: ಗ್ರಿಲ್ ಬಟ್ಟೆಯಿಂದ 20 ಸೆಂ.ಮೀ., ಡಸ್ಟ್ ಕ್ಯಾಪಿನ ಅಂಚಿನ ನೇರಕ್ಕೆ. ನಡುಮಧ್ಯಕ್ಕೆ ಹೋದಷ್ಟೂ ಹೊಳಪು, ಅಂಚಿಗೆ ಸರಿದಷ್ಟೂ ಮಬ್ಬು. ಎಸ್‌ಎಂ57 ಇಟ್ಟಾಗ ಮಧ್ಯವನ್ನು ತಪ್ಪಿಸಿ ರೂಢಿಯಾದವರು ರಿಬ್ಬನ್‌ನಲ್ಲಿ ಧೈರ್ಯವಾಗಿ ಮಧ್ಯಕ್ಕೆ ಹೋಗಬಹುದು. ಹೊಳಪು ಇಲ್ಲಿ ಚುಚ್ಚುವುದಿಲ್ಲ. ಒಂದು ಸಲಕ್ಕೆ ಎರಡೇ ಸೆಂ.ಮೀ. ಸರಿಸಿ, ಪ್ರತಿ ಜಾಗಕ್ಕೂ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಆಮೇಲೆ ಕೂತು ಒಂದೇ ಮಟ್ಟಕ್ಕೆ ತಂದು ಹೋಲಿಸಿ. ಆಂಪ್ ಅಬ್ಬರಿಸುತ್ತಿರುವಾಗ ಹೆಡ್‌ಫೋನ್ ಹಾಕಿಕೊಂಡು ತೀರ್ಮಾನಿಸಿದರೆ ಕೇಳುವುದು ಅರ್ಧ ಮೈಕ್, ಅರ್ಧ ಕೋಣೆ.

ಹತ್ತಿರ ಹೋದಷ್ಟೂ ಕೆಳಸ್ವರ ಉಬ್ಬುತ್ತದೆ. ಎಂಟರ ಆಕಾರದ ಮೈಕ್‌ಗಳಲ್ಲಿ ಈ ಉಬ್ಬು ಉಳಿದ ಎಲ್ಲ ಬಗೆಗಿಂತ ಜಾಸ್ತಿ. ಅದಕ್ಕೆ ಮೊದಲ ಮದ್ದು ದೂರ, ಈಕ್ಯೂ ಆಮೇಲೆ. ಸದ್ದು ದಪ್ಪವಾಗಿ ಮುದ್ದೆ ಮುದ್ದೆಯಾಗಿದ್ದರೆ ಐದು ಸೆಂ.ಮೀ. ಹಿಂದೆ ಸರಿಯಿರಿ, ಪಟ್ಟಿಗೂ ಕ್ಷೇಮ, ಸದ್ದಿಗೂ ಕ್ಷೇಮ.

ಓರೆ ಮಾಡುವುದರಲ್ಲಿ ಎರಡು ಬಗೆಯಿದೆ, ಎರಡರ ಫಲವೂ ಬೇರೆ. ನೇರ ನಿಂತ ಮೈಕನ್ನು ಬಾಗಿಲಿನ ಹಾಗೆ ಎಡಕ್ಕೋ ಬಲಕ್ಕೋ ತಿರುಗಿಸಿದರೆ ಬಣ್ಣ ಹೆಚ್ಚು ಕೆಡದೆ ಮಟ್ಟ ಮಾತ್ರ ಇಳಿಯುತ್ತದೆ: 30 ಡಿಗ್ರಿಗೆ ಒಂದು ಡಿಬಿಗಿಂತ ತುಸು ಹೆಚ್ಚು, 45ಕ್ಕೆ ಮೂರು, 60ಕ್ಕೆ ಆರು. ಪಟ್ಟಿಯ ಮೇಲೆ ಬೀಳುವ ತಳ್ಳಾಟವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಅದರ ಬದಲು ಮೈಕಿನ ತಲೆಯನ್ನು ಹಿಂದಕ್ಕೋ ಮುಂದಕ್ಕೋ ವಾಲಿಸಿದರೆ, ಪಟ್ಟಿಯ ಮೇಲ್ತುದಿಗೂ ಕೆಳತುದಿಗೂ ಸದ್ದು ಬೇರೆ ಬೇರೆ ಕ್ಷಣಕ್ಕೆ ಮುಟ್ಟಿ ಮೇಲಿನ ಸ್ವರಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಚೀರುವ ಆಂಪಿಗೆ ಅದು ವರವೇ, ಮಬ್ಬು ಆಂಪಿಗೆ ಶಾಪ. ಗಾಳಿ ತಪ್ಪಿಸುವುದಷ್ಟೇ ಉದ್ದೇಶವಾದರೆ ಬಾಗಿಲಿನ ಹಾಗೆ 30ರಿಂದ 45 ಡಿಗ್ರಿ ತಿರುಗಿಸುವುದು ಒಳ್ಳೆಯದು. ತಿರುಗಿಸಿದಾಗ ಬೆನ್ನು ಬೇರೆ ಗೋಡೆಯನ್ನು ನೋಡುತ್ತದೆ, ಪ್ಯಾನೆಲ್ಲನ್ನೂ ಜೊತೆಗೆ ಸರಿಸಿ. ಇಷ್ಟಾದರೂ ಟಿಶ್ಯೂ ಹಾರುತ್ತಿದ್ದರೆ ನಡುವೆ ನೈಲಾನ್ ಪಾಪ್ ಫಿಲ್ಟರ್ ನಿಲ್ಲಿಸಬಹುದು.

ಆರ್-121ರ ಪಟ್ಟಿ ಮುಂಬದಿಗೆ ಹತ್ತಿರವಾಗಿ ಕೂತಿದೆ. ಹಾಗಾಗಿ ಮುಂಬದಿ ಹೆಚ್ಚು ಸದ್ದು ತಾಳುತ್ತದೆ. ಮೀಟರಿಗಿಂತ ಹತ್ತಿರ ಇಟ್ಟಾಗ ಹಿಂಬದಿ ತುಸು ಹೊಳಪಾಗಿ ಕೇಳುತ್ತದೆ. ಕ್ಲೀನ್ ಸ್ವರಕ್ಕೆ ಮೈಕನ್ನು ತಿರುವಿ ಇಟ್ಟು ಆ ಹೊಳಪು ಬಳಸಬಹುದು, ಆದರೆ ಪ್ರಿಆಂಪಿನಲ್ಲಿ ಪೋಲಾರಿಟಿ ತಿರುಗಿಸಲು ಮರೆಯಬೇಡಿ.

ಪ್ರಿಆಂಪ್, ಗೇನ್, ಪ್ಯಾಡ್

ರಿಬ್ಬನ್‌ಗೆ 70 ಡಿಬಿ ಗೇನ್ ಬೇಕು, ಬೂಸ್ಟರ್ ಡಬ್ಬಿ ಬೇಕು ಎಂಬುದು ಮಾತಿಗೋ ವೀಣೆಯಂಥ ಮೆಲು ವಾದ್ಯಕ್ಕೋ ಸರಿ. ಇಲ್ಲಿನ ಲೆಕ್ಕ ಬೇರೆ. ಒಂದು ಪ್ಯಾಸ್ಕಲ್ ಒತ್ತಡಕ್ಕೆ, ಅಂದರೆ 94 ಡಿಬಿಗೆ, 3 ಮಿಲಿವೋಲ್ಟ್ ಕೊಡುವ ಮೈಕ್ ಎಂದಿಟ್ಟುಕೊಳ್ಳಿ. ಮಾಮೂಲಿ ಮಾತಿಗೆ ಅದು 0.3 ಮಿಲಿವೋಲ್ಟ್ ಕೊಟ್ಟರೆ, 120 ಡಿಬಿಯ ಆಂಪಿಗೆ 60 ಮಿಲಿವೋಲ್ಟ್ ಕೊಡುತ್ತದೆ, 130 ಡಿಬಿಗೆ 190. ಲೈನ್ ಮಟ್ಟದ 1.23 ವೋಲ್ಟಿಗೆ ಏರಿಸಲು 120 ಡಿಬಿಯ ಆಂಪಿಗೆ 26 ಡಿಬಿ, 130ರದಕ್ಕೆ 16 ಡಿಬಿ ಗೇನ್ ಸಾಕು. ಬೂಸ್ಟರನ್ನು ಪೆಟ್ಟಿಗೆಯಲ್ಲೇ ಬಿಡಿ. 20 ಡಿಬಿ ಮೇಲೆ ಏರಿಸುವ ಅದು ಇಲ್ಲಿ ಪ್ರಿಆಂಪನ್ನು ಉಕ್ಕಿಸುತ್ತದೆ ಅಷ್ಟೆ.

ಪ್ರಿಆಂಪಿನ ಇನ್‌ಪುಟ್ ಇಂಪೀಡೆನ್ಸ್ ಮೈಕಿನದಕ್ಕಿಂತ ಐದು ಪಟ್ಟಾದರೂ ಇರಬೇಕು. ಆರ್-121 300 ಓಮ್, ಅದಕ್ಕೆ 1500 ಓಮ್ ಅಥವಾ ಮೇಲೆ. ಅದಕ್ಕಿಂತ ಕಡಿಮೆಯಾದರೆ ಸದ್ದು ಕೃಶವಾಗುತ್ತದೆ, ಮುಖ್ಯವಾಗಿ ಕೆಳಸ್ವರದಲ್ಲಿ.

24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಿನ ಹೊಡೆತ ಡಿಜಿಟಲ್ ಮೀಟರಿನಲ್ಲಿ ಮೈನಸ್ 12ರ ಆಸುಪಾಸು ಮುಟ್ಟುವಂತೆ ಗೇನ್ ಇಡಿ. ಗೇನ್ ಪೂರ್ತಿ ಇಳಿಸಿದರೂ ಮೀಟರ್ ಕೆಂಪಾದರೆ ಪ್ರಿಆಂಪಿಗೆ ಬರುವ ಸಿಗ್ನಲ್ ತಗ್ಗಿಸುವ ಪ್ಯಾಡ್ ಗುಂಡಿ ಒತ್ತಿ. ಒಂದು ಮಾತು ಮಾತ್ರ ನೆನಪಿರಲಿ: ಪ್ಯಾಡ್ ಕಾಯುವುದು ಪ್ರಿಆಂಪನ್ನು, ಪಟ್ಟಿಯನ್ನಲ್ಲ. ಮೀಟರ್ ಹಸಿರಿದೆ ಎಂದು ನೆಮ್ಮದಿಯಾಗಿ ಮೈಕನ್ನು ಗ್ರಿಲ್‌ಗೆ ತಳ್ಳಿದರೆ ಪಟ್ಟಿಗೆ ಅದು ಗೊತ್ತಾಗುವುದಿಲ್ಲ.

ಒಡಕು ಕೇಳಿದರೆ ಮೂಲ ಹುಡುಕುವ ಕ್ರಮ: ಗೇನ್ 10 ಡಿಬಿ ಇಳಿಸಿ. ಹೋದರೆ ಪ್ರಿಆಂಪಿನದು. ಹೋಗದಿದ್ದರೆ ಎಸ್‌ಎಂ57 ಒಂದನ್ನು ಅದೇ ಜಾಗಕ್ಕೆ ತನ್ನಿ. ಅದರಲ್ಲೂ ಇದ್ದರೆ ಸ್ಪೀಕರ್, ಸಡಿಲ ಸ್ಕ್ರೂ, ಅಥವಾ ಕ್ಯಾಬಿನೆಟ್ ಹಿಡಿಕೆಯ ಗಲಗಲ. ರಿಬ್ಬನ್‌ನಲ್ಲಿ ಮಾತ್ರ, ಅದೂ ಕೆಳಗಿನ ತಂತಿಗೆ ಮಾತ್ರ ಪಟಪಟ ಎಂದರೆ ಪಟ್ಟಿ ಮಿತಿ ದಾಟಿದೆ. ಆ ಕ್ಷಣವೇ ನಿಲ್ಲಿಸಿ ದೂರ ಸರಿಸಿ.

ಎಸ್‌ಎಂ57 ಜೊತೆ ಜೋಡಿ

ರಿಬ್ಬನ್ ಮೈಕಟ್ಟು ಕೊಡುತ್ತದೆ, ಡೈನಾಮಿಕ್ ಅಂಚು ಕೊಡುತ್ತದೆ. ಎರಡನ್ನೂ ಬೆರೆಸಿದರೆ ಈಕ್ಯೂ ಮುಟ್ಟದೆಯೇ ಬೇಕಾದ ಬಣ್ಣ ಸಿಗುತ್ತದೆ. ಕೆಡುವುದು ಎರಡೂ ಮೈಕಿಗೆ ಸದ್ದು ಮುಟ್ಟುವ ಹೊತ್ತಿನ ಹೊಂದಾಣಿಕೆಯಲ್ಲಿ, ಅಂದರೆ ಫೇಸ್‌ನಲ್ಲಿ. ಎರಡರ ಡಯಾಫ್ರಾಮ್ ನಡುವೆ 5 ಸೆಂ.ಮೀ. ಹಿಂದೆಮುಂದೆ ಇದ್ದರೆ ಮೊದಲ ಹೊಂಡ 3400 ಹರ್ಟ್ಸ್ ಬಳಿ ಬೀಳುತ್ತದೆ, ಅಂದರೆ ಗಿಟಾರಿನ ಬಾಯಿಗೇ ಬಟ್ಟೆ ತುರುಕಿದಂತೆ. 1 ಸೆಂ.ಮೀ. ಇದ್ದರೆ 17000ದ ಮೇಲೆ, ಅಲ್ಲಿ ಗಿಟಾರೇ ಇಲ್ಲ. ಎರಡನ್ನೂ ಒಂದೇ ಗೆರೆಯಲ್ಲಿ ಇಡುವುದೆಂದರೆ ಮೈಕ್‌ಗಳ ಮೂತಿ ಜೋಡಿಸುವುದಲ್ಲ: ಎಸ್‌ಎಂ57ರ ಡಯಾಫ್ರಾಮ್ ತುದಿಯ ಜಾಲರಿಯ ಹಿಂದೆ ಇರುತ್ತದೆ, ರಿಬ್ಬನ್ನಿನ ಪಟ್ಟಿ ದೇಹದ ಒಳಗೆ ಇರುತ್ತದೆ.

ಕಿವಿಯಿಂದ ಜೋಡಿಸುವ ಬಗೆ: ಆಂಪಿಗೆ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಭುಸ್ ಎನ್ನುವ ಸದ್ದು) ಕೊಡಿ, ಸಣ್ಣ ವಾಲ್ಯೂಮ್‌ನಲ್ಲಿ. ಎರಡೂ ಚಾನೆಲ್ ಮಟ್ಟ ಸಮ ಮಾಡಿ, ಮೋನೋದಲ್ಲಿ ಬೆರೆಸಿ, ಒಂದರ ಪೋಲಾರಿಟಿ ತಿರುವಿ. ಒಬ್ಬರು ಹೆಡ್‌ಫೋನ್‌ನಲ್ಲಿ ಕೇಳುತ್ತಿರಲಿ, ಇನ್ನೊಬ್ಬರು ರಿಬ್ಬನ್ನನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಿಂದೆ ಮುಂದೆ ಮಾಡಲಿ. ನಾಯ್ಸ್ ಅತಿ ತೆಳ್ಳಗಾಗಿ ಬಹುತೇಕ ಮಾಯವಾಗುವ ಒಂದು ಜಾಗ ಸಿಗುತ್ತದೆ. ಅಲ್ಲಿ ಬಿಗಿದು ಪೋಲಾರಿಟಿ ಮತ್ತೆ ಸರಿ ಮಾಡಿ. ರಿಬ್ಬನ್ ದೂರವೇ ಇರಬೇಕಾದ ಜೋರು ಆಂಪಾದರೆ ಎಸ್‌ಎಂ57ನ್ನೂ ಅಷ್ಟೇ ದೂರಕ್ಕೆ ತನ್ನಿ. ಅದು ಗ್ರಿಲ್‌ಗೇ ತಾಗಿರಬೇಕೆಂದರೆ ಆಮೇಲೆ ಕಂಪ್ಯೂಟರಿನಲ್ಲಿ ಟ್ರ್ಯಾಕ್ ಸರಿಸಿ: 48000 ದರದಲ್ಲಿ ಒಂದು ಸ್ಯಾಂಪಲ್ ಎಂದರೆ 7 ಮಿ.ಮೀ. ಚಿಲ್ಲರೆ. ಸರಿಸಿದರೂ ಕೋಣೆಯ ಪ್ರತಿಫಲನಗಳು ಕೂಡಿಬರುವುದಿಲ್ಲ, ಹಾಗಾಗಿ ಮೈಕ್ ಸರಿಸುವುದೇ ಮೇಲು.

ಹಿಂಬದಿ ತೆರೆದ ಕಾಂಬೋಗೆ ಹಿಂದೆಯೂ ಮೈಕ್ ಇಟ್ಟರೆ ಅದರ ಪೋಲಾರಿಟಿ ತಿರುವಿಯೇ ಕೇಳಿ. ಕೋಣೆ ಒಳ್ಳೆಯದಿದ್ದರೆ ಎರಡು ರಿಬ್ಬನ್‌ಗಳನ್ನು ಒಂದರ ಮೇಲೊಂದು, 90 ಡಿಗ್ರಿ ಅಡ್ಡಹಾಕಿ ಎರಡು ಮೀಟರ್ ದೂರ ನಿಲ್ಲಿಸಬಹುದು. ಅಲನ್ ಬ್ಲೂಮ್ಲೈನ್ 1931ರಲ್ಲಿ ಪೇಟೆಂಟಿಗೆ ಹಾಕಿದ ಜೋಡಣೆ ಅದು. ಅಷ್ಟು ದೂರದಲ್ಲಿ ಗಾಳಿಯ ಭಯವಿಲ್ಲ, ಹಳೆಯ ನಾಜೂಕು ಮೈಕ್‌ಗಳೂ ಅಲ್ಲಿ ಕ್ಷೇಮ.

ಮಿಕ್ಸ್‌ನಲ್ಲಿ

80ರಿಂದ 100 ಹರ್ಟ್ಸ್ ಕೆಳಗೆ ಕತ್ತರಿಸಿ. ಅಲ್ಲಿ ಇರುವುದು ಬಾಸ್ ಗಿಟಾರಿನ ಜಾಗ. 200–250ರಲ್ಲಿ ಎರಡು ಮೂರು ಡಿಬಿ ಇಳಿಸಿದರೆ ಹತ್ತಿರದ ಉಬ್ಬು ತಗ್ಗುತ್ತದೆ. ಮೇಲೆ 5000ದಿಂದ ಶೆಲ್ಫ್ (ಅದರ ಮೇಲಿನದನ್ನೆಲ್ಲ ಒಟ್ಟಿಗೆ ಏರಿಸುವ ಈಕ್ಯೂ) ಹಾಕಿ ಮೂರು ನಾಲ್ಕು ಡಿಬಿ ಏರಿಸಿ. ಬೇರೆ ಮೈಕ್‌ಗಳಲ್ಲಿ ಇಷ್ಟು ಏರಿಸಿದರೆ ಜೇನುನೊಣ ಗುಂಯ್‌ಗುಟ್ಟಿದಂತೆ ಆಗುತ್ತದೆ, ರಿಬ್ಬನ್ ಅದನ್ನು ನುಂಗಿಕೊಳ್ಳುತ್ತದೆ.

ಕೆಟ್ಟಿದೆಯೇ ಎಂದು ನೋಡುವುದು, ಎತ್ತಿಡುವುದು

ಪಟ್ಟಿ ಒಂದೇ ಸಲ ಹರಿಯುವುದು ಕಡಿಮೆ. ನಿಧಾನವಾಗಿ ಜೋಲುತ್ತದೆ, ಸದ್ದು ಮಂಕಾಗುತ್ತ ಹೋಗುತ್ತದೆ, ಕಿವಿ ಅದಕ್ಕೆ ಒಗ್ಗಿಬಿಡುತ್ತದೆ. ಆದ್ದರಿಂದ ಮೈಕ್ ಹೊಸದಿರುವಾಗಲೇ ಒಂದು ಚಿಕ್ಕ ಸ್ಪೀಕರಿನಿಂದ ಪಿಂಕ್ ನಾಯ್ಸ್ ಹಾಕಿ, ಅರ್ಧ ಮೀಟರ್ ದೂರದಿಂದ ಮುಂಬದಿ, ಹಿಂಬದಿ ಎರಡನ್ನೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಸಂಶಯ ಬಂದಾಗ ಅದೇ ಸ್ಪೀಕರ್, ಅದೇ ದೂರ, ಅದೇ ಗೇನ್‌ನಲ್ಲಿ ಮತ್ತೆ ಮಾಡಿ ಹೋಲಿಸಿ. ಮಟ್ಟ ಇಳಿದಿದ್ದರೆ, ಮೊದಲಿಲ್ಲದ ವ್ಯತ್ಯಾಸ ಎರಡು ಬದಿಗಳ ನಡುವೆ ಕಂಡರೆ, ಕೆಳಸ್ವರಕ್ಕೆ ಕರಕರ ಸೇರಿದ್ದರೆ ಪಟ್ಟಿ ಬದಲಿಸುವ ಹೊತ್ತು. ಮೈಕಿನ ಪಿನ್‌ಗಳಿಗೆ ಮಲ್ಟಿಮೀಟರ್ ಹಚ್ಚಿ ಓಮ್ ನೋಡಲು ಹೋಗಬೇಡಿ, ಮೀಟರಿನ ಕರೆಂಟೂ ಪಟ್ಟಿಯನ್ನು ಝಾಡಿಸುತ್ತದೆ. ಬಿಚ್ಚಿ ನೋಡುವುದೂ ಬೇಡ: ಮೇಜಿನ ಮೇಲಿನ ಕಣ್ಣಿಗೆ ಕಾಣದ ಕಬ್ಬಿಣದ ಪುಡಿ ಆಯಸ್ಕಾಂತಕ್ಕೆ ಹಾರಿ ಪಟ್ಟಿಯ ಪಕ್ಕದ ಸಂದಿಯಲ್ಲಿ ಕೂತರೆ ತೆಗೆಯಲು ಬರುವುದಿಲ್ಲ. ತಯಾರಕರಿಗೋ ಪಟ್ಟಿ ಕಟ್ಟುವ ಕೆಲಸ ಬಲ್ಲವರಿಗೋ ಕಳಿಸಿ.

ಮೈಕ್ ಬದುಕಿದೆಯೇ ಎಂದು ನೋಡಲು ಫೂ ಫೂ ಎಂದು ಊದುವವರನ್ನು, ತಲೆಗೆ ತಟ್ಟುವವರನ್ನು ಹತ್ತಿರ ಬಿಡಬೇಡಿ. ಮೆತ್ತಗೆ ಮಾತಾಡಿದರೆ ಸಾಕು.

ಕೆಲಸ ಮುಗಿದಾಗ ಆಂಪ್ ಸ್ಟ್ಯಾಂಡ್‌ಬೈ, ಚಾನೆಲ್ ಮ್ಯೂಟ್, ಆಮೇಲೆ ಚೀಲ, ಆಮೇಲೆ ಕೇಬಲ್, ಕೊನೆಗೆ ಸ್ಟ್ಯಾಂಡಿನಿಂದ ಬಿಡಿಸುವುದು. ಪೆಟ್ಟಿಗೆಯನ್ನು ಪಟ್ಟಿ ನೆಟ್ಟಗೆ ನಿಲ್ಲುವಂತೆ ಇಡಿ. ಮಲಗಿಸಿ ತಿಂಗಳುಗಟ್ಟಲೆ ಬಿಟ್ಟರೆ ಪಟ್ಟಿ ತನ್ನ ತೂಕಕ್ಕೇ ಜೋಲುತ್ತದೆ. ಫೋಮ್ ಹಾಕಿದ ಬಿಗಿ ಪೆಟ್ಟಿಗೆಯಾದರೆ ಮುಚ್ಚಳವನ್ನು ನಿಧಾನವಾಗಿ ಒತ್ತಿ. ಟಪ್ಪನೆ ಮುಚ್ಚಿದರೆ ಒಳಗೆ ಸಿಕ್ಕ ಗಾಳಿಗೆ ಹೋಗಲು ಇರುವ ದಾರಿ ಮೈಕಿನ ಜಾಲರಿಯೊಂದೇ.